ಪತ್ರದ ತಲೆಗೊಂದು ಹಳದಿ ಮುಖ

ಮೊನ್ನೆ ನಮ್ಮ ಆಫೀಸಿನಲ್ಲಿ ಒಂದು ಸುತ್ತೋಲೆ ಹೊರಟಿತು. ಇನ್ನು ಮುಂದೆ ಗಿರಾಕಿಗಳಿಗೆ ಬರೆಯುವ ಇಮೇಲುಗಳಲ್ಲಿ ಯಾರೂ ನಗುಮುಖ, ಅಳುಮುಖ, ಹೆಬ್ಬೆರಳು, ಚಪ್ಪಾಳೆ ಮುಂತಾದ ಚಿತ್ರಗಳನ್ನು ಹಾಕಕೂಡದು, ಅವುಗಳಿಂದ ಹೇಳುವ ಮಾತು ಮಸುಕಾಗುತ್ತದೆ ಎಂಬುದು ಅದರ ಸಾರಾಂಶ. ಸುತ್ತೋಲೆ ಕಳುಹಿಸಿದ ಪುಣ್ಯಾತ್ಮರು ತಮ್ಮ ಹೆಸರಿನ ಪಕ್ಕದಲ್ಲಿ, ಅಭ್ಯಾಸಬಲದಿಂದ ಇರಬೇಕು, ಒಂದು ನಗುಮುಖ ಹಾಕಿದ್ದರು. ನನ್ನ ಪಕ್ಕದ ಮೇಜಿನ ಋತುಜಾ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ನಗಲಿಲ್ಲ. ಆ ಹಳದಿ ಮುಖಗಳ ವಿಷಯದಲ್ಲಿ ನಗುವ ಅಧಿಕಾರವನ್ನು ನಾನು ಈ ಜೂನ್ ತಿಂಗಳಿನಲ್ಲೇ ಕಳೆದುಕೊಂಡಿದ್ದೇನೆ. ಅಂಥದೊಂದು ಮುಖವನ್ನು ನಂಬಿ ನಾನು ಸುಶೀಲಾ ಟೀಚರನ್ನೂ ಅವರೊಂದಿಗೆ ಹದಿನಾಲ್ಕು ಮಕ್ಕಳ ಕನ್ನಡ ಪಾಠವನ್ನೂ ಕಳೆದುಕೊಳ್ಳುವುದರಲ್ಲಿದ್ದೆ.

ಆ ಕತೆಗೆ ಬರುತ್ತೇನೆ. ಅದಕ್ಕೂ ಮೊದಲು ನನ್ನ ಬರವಣಿಗೆಯ ಗುಣ ಎಂಥದು ಎಂದು ನಿಮಗೆ ತಿಳಿದಿರುವುದು ಒಳ್ಳೆಯದು. ನಮ್ಮ ಆಫೀಸು ಬಾಂದ್ರಾದಲ್ಲಿದೆ. ಹಡಗಿನಲ್ಲಿ ಹೋಗುವ ಸರಕಿನ ಕಾಗದಪತ್ರ ನೋಡಿಕೊಳ್ಳುವುದು ನಮ್ಮ ಕೆಲಸ. ಅಲ್ಲಿ ಕುಳಿತು ಮೂವತ್ತು ವರ್ಷಗಳಿಂದ ನಾನು ಬರೆಯುತ್ತಿರುವುದೆಲ್ಲ ಹೀಗೆ: “ಸಿಕ್ಕಿತು. ಎರಡನೇ ಪುಟ ತಪ್ಪು. ತಿದ್ದಿ ಕಳುಹಿಸಿ.” ಬರೆಯುವುದು ಇಂಗ್ಲಿಷಿನಲ್ಲಾದರೂ ಒಳಗಿನ ಸರಕು ಕುಂದಾಪುರದ ಕಡೆಯದೇ. ನಮ್ಮಲ್ಲಿ ಬಾಯಿಬಿಟ್ಟು ಹೊಗಳುವುದು, ಉಪಕಾರವಾಯಿತು ಎನ್ನುವುದು ಇವೆಲ್ಲ ಅಪರಿಚಿತರ ಹತ್ತಿರ ಮಾಡುವ ಕೆಲಸ. ಊಟ ಅಮೃತದಂತಿದ್ದರೂ ಕೈತೊಳೆಯುತ್ತ “ಅಡ್ಡಿಲ್ಲ” ಎನ್ನುತ್ತೇವೆ. ಅದಕ್ಕಿಂತ ದೊಡ್ಡ ಬಿರುದು ನಮ್ಮ ಹತ್ತಿರ ಇಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಗಿರಿಜಾ ಮಾಡಿದ ಸಾರಿಗೆ ನಾನು ಅಡ್ಡಿಲ್ಲ ಎಂದಾಗ ಅವಳು ಸಂತೋಷದಿಂದ ಇನ್ನೊಂದು ಸೌಟು ಬಡಿಸಿದಳು. ಅವಳೂ ಅದೇ ಕಡೆಯವಳಾದ್ದರಿಂದ ಸಂಸಾರ ಉಳಿಯಿತು.

ಋತುಜಾ ಆ ಕಡೆಯವಳಲ್ಲ. ದಾದರಿನ ಹುಡುಗಿ, ಮೂರು ವರ್ಷದ ಹಿಂದೆ ಕೆಲಸಕ್ಕೆ ಸೇರಿದಳು. ಸೇರಿ ನಾಲ್ಕನೇ ದಿನಕ್ಕೆ ನನ್ನ ಮೇಜಿನ ಹತ್ತಿರ ಬಂದು, “ಸರ್, ಮುಝ್ ಪರ್ ಗುಸ್ಸಾ ಹೈ ಕ್ಯಾ?” ಎಂದು ಕೇಳಿದಳು, ತನ್ನ ಮೇಲೆ ಸಿಟ್ಟೇ ಎಂದು. ನನಗೆ ಆಶ್ಚರ್ಯ. ನಾಲ್ಕು ದಿನಗಳಲ್ಲಿ ಅವಳ ಕೆಲಸ ನನಗೆ ಬಹಳ ಹಿಡಿಸಿತ್ತು, ಅದನ್ನು ಮನೆಯಲ್ಲಿ ಹೇಳಿಯೂ ಇದ್ದೆ. ಅವಳಿಗೆ ಮಾತ್ರ ಹೇಳಿರಲಿಲ್ಲ, ಅಷ್ಟೆ. ಅವಳು ನನ್ನ ಇಮೇಲುಗಳನ್ನು ತೆರೆದು ಒಂದೊಂದಾಗಿ ತೋರಿಸಿದಳು. ಪರರ ಕಣ್ಣಿನಿಂದ ಓದಿದಾಗ ಅವು ಪೊಲೀಸ್ ಠಾಣೆಯಿಂದ ಹೊರಟವುಗಳಂತೆ ಕಂಡವು. ಕೊನೆಗೆ ಅವಳೇ ದಯೆತೋರಿ ಉಪಾಯ ಹೇಳಿಕೊಟ್ಟಳು: ಏನು ಬೇಕಾದರೂ ಬರೆಯಿರಿ, ಕೊನೆಯಲ್ಲಿ ಒಂದು ಸ್ಮೈಲಿ ಹಾಕಿಬಿಡಿ.

ಅಲ್ಲಿಂದ ನಾನು ಧಾರಾಳಿಯಾದೆ. ಕಾಣದವನು ಕಂಡದ್ದನ್ನು ಬಿಡುತ್ತಾನೆಯೇ, ಹಾಗೆ. ತಪ್ಪಿದೆ, ಮುಖ. ತಿದ್ದಿ, ಮುಖ. ನಾಳೆ ರಜೆ, ಮುಖ. ಭಿವಂಡಿಯ ಒಬ್ಬ ವ್ಯಾಪಾರಿಯ ಸರಕು ಬಂದರಿನಲ್ಲಿ ಹನ್ನೆರಡು ದಿನಗಳಿಂದ ಬಿದ್ದಿತ್ತು. ಅವರಿಗೂ “ನಿಮ್ಮ ಸರಕು ಇನ್ನೂ ಅಲ್ಲೇ ಇದೆ” ಎಂದು ಬರೆದು ಕೆಳಗೆ ಒಂದು ನಗುಮುಖ ಇಟ್ಟೆ. ಅವರು ಫೋನ್ ಮಾಡಿ, ಬಹಳ ಶಾಂತವಾಗಿ, ಇದರಲ್ಲಿ ನಗುವಂಥದ್ದೇನಿದೆ ಎಂದು ವಿಚಾರಿಸಿದರು. ಋತುಜಾಳಿಗೆ ಹೇಳಿದರೆ, ಎಲ್ಲಿ ಹಾಕಬಾರದು ಎಂದು ಹೇಳುವುದು ಮರೆತೆ ಸರ್ ಎಂದಳು. ಅವಳ ಪೀಳಿಗೆಯಲ್ಲಿ ತೆಳ್ಳಗೆ ನಗುವ ಮುಖವೆಂದರೆ ಒಳಗೆ ಕೋಪವಿದೆ ಎಂದು ಅರ್ಥವಂತೆ. ಹೊಟ್ಟೆ ಹಿಡಿದುಕೊಂಡು ಕಣ್ಣೀರು ಸುರಿಸುವ ಮುಖವೆಂದರೆ ಸ್ವಲ್ಪ ತಮಾಷೆಯಾಗಿದೆ ಎಂದು. ನಾನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಐವತ್ತೆಂಟನೇ ವಯಸ್ಸಿನಲ್ಲಿ ಹೊಸ ವರ್ಣಮಾಲೆ ಕಲಿಯುವುದು ಸುಲಭವಲ್ಲ.

ಬರೆದ ಮಾತಿಗೆ ಮುಖವಿಲ್ಲ ಎಂಬ ಸಂಗತಿ ನನಗೆ ಹೊಸದೂ ಅಲ್ಲ. ಒಂಬತ್ತನೇ ವಯಸ್ಸಿನಲ್ಲೇ ಅದಕ್ಕಾಗಿ ಬೈಸಿಕೊಂಡಿದ್ದೇನೆ. ನಾವಾಗ ಕುರ್ಲಾದ ಚಾಳಿನಲ್ಲಿದ್ದೆವು. ಅಪ್ಪನಿಗೆ ಬಟ್ಟೆ ಮಿಲ್ಲಿನಲ್ಲಿ ಕೆಲಸ. ನಮ್ಮ ಪಕ್ಕದ ಒಂದೇ ಕೋಣೆಯ ಖೋಲಿಯಲ್ಲಿ ನಮ್ಮೂರ ಕಡೆಯ ಹೋಟೆಲ್ ಕೆಲಸದವರು ಹನ್ನೊಂದು ಜನ, ಪಾಳಿಯ ಪ್ರಕಾರ ಮಲಗಿ ಏಳುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಓದು ಬಾರದು. ಊರಿಂದ ಬಂದ ಕಾಗದ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಟಪಾಲು ಬಂದ ಕೂಡಲೇ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಮೂಲೆಗೆ ಅರಿಶಿನ ಹಚ್ಚಿದ್ದಾರೋ ಇಲ್ಲವೋ. ಅರಿಶಿನದ ಗುರುತಿದ್ದರೆ ಸರಾಗವಾಗಿ ಒಳಗೆ ಹೋಗಿ ಚಾಪೆಯ ಮೇಲೆ ಕುಳಿತು ಓದಬಹುದು. ಮೂಲೆ ಹರಿದಿದ್ದರೆ ಸಾವಿನ ಸುದ್ದಿ, ಅದನ್ನು ಹೊಸ್ತಿಲು ದಾಟಿಸುವಂತಿಲ್ಲ, ಗ್ಯಾಲರಿಯಲ್ಲೇ ನಿಂತು ಓದಿ, ಅಲ್ಲೇ ಹರಿದು ಹಾಕಿ, ಸ್ನಾನಕ್ಕೆ ಹೋಗಬೇಕು. ಹೀಗಾಗಿ ಕಾಗದದ ಒಳಗೆ ಏನಿದೆ ಎಂದು ಗೊತ್ತಾಗುವ ಮೊದಲೇ ಕೇಳುವವರ ಮುಖ ಒಂದು ಹದಕ್ಕೆ ಬಂದಿರುತ್ತಿತ್ತು.

ಅವರಲ್ಲಿ ಶೀನಣ್ಣ ಎಂಬವರಿದ್ದರು, ದೋಸೆ ಹಾಕುವವರು. ಅವರ ಅಮ್ಮನ ಪರವಾಗಿ ಊರಿನ ಶಾಲೆಯ ಮೇಷ್ಟ್ರು ಕಾಗದ ಬರೆಯುತ್ತಿದ್ದರು. ಮೇಷ್ಟ್ರ ಭಾಷೆ ಪುಸ್ತಕದ್ದು. “ಇತ್ತಲಾಗಿ ಸರ್ವರೂ ಕ್ಷೇಮ. ನಿನ್ನ ಆರೋಗ್ಯದ ಕಡೆಗೆ ಗಮನವಿರಲಿ” ಎಂದು ನಾನು ಶಾಲೆಯ ಪಾಠದಂತೆ ಓದಿದೆ. ಶೀನಣ್ಣ ಅರ್ಧದಲ್ಲೇ ತಡೆದರು. ಇದು ನನ್ನ ಅಬ್ಬೆ ಹೇಳಿದ್ದಲ್ಲ, ಅವಳು ಬೈದದ್ದೆಲ್ಲ ಎಲ್ಲಿ ಹೋಯಿತು, ನೀನು ನುಂಗಿದೆಯಾ ಎಂದು ನನ್ನನ್ನೇ ದಬಾಯಿಸಿದರು. ನಾನು ಅಳುವುದೊಂದು ಬಾಕಿ. ಆಮೇಲೆ ಅವರೇ ಅಮ್ಮ ಹೇಗೆ ಬೈಯುತ್ತಾರೆ ಎಂದು ಮಾಡಿ ತೋರಿಸಿದರು. ಮುಂದಿನ ತಿಂಗಳಿನಿಂದ ನಾನು ಪ್ರತಿ ಎರಡು ಸಾಲಿಗೊಂದು ಬೈಗುಳ ಸೇರಿಸಿ ಓದತೊಡಗಿದೆ. ಶೀನಣ್ಣ ಕಣ್ಣು ಮುಚ್ಚಿ, ತಲೆಯಾಡಿಸುತ್ತ, ಈಗ ಸರಿ ಉಂಟು ಎನ್ನುತ್ತಿದ್ದರು.

ಇಷ್ಟೆಲ್ಲ ಅನುಭವವಿದ್ದ ನಾನು ಸುಶೀಲಾ ಟೀಚರ ಕಾಗದವನ್ನು ಹೇಗೆ ಓದಿದೆ ಎಂಬುದನ್ನು ಇನ್ನು ಹೇಳಿಬಿಡಬೇಕು.

ಕುರ್ಲಾದಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಂಘವಿದೆ. ಅದಕ್ಕೆ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ ಕಾರಣ ಒಂಬತ್ತು ವರ್ಷಗಳಿಂದ ಸರ್ವಾನುಮತದಿಂದ ಆಯ್ಕೆಯಾಗುತ್ತಿದ್ದೇನೆ. ಭಾನುವಾರ ಹತ್ತು ಗಂಟೆಗೆ ಮುನ್ಸಿಪಾಲ್ಟಿ ಶಾಲೆಯ ಒಂದು ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಕಲಿಸುತ್ತೇವೆ ಎಂದರೆ ಸುಶೀಲಾ ಟೀಚರ್ ಕಲಿಸುತ್ತಾರೆ, ನಾನು ಕೋಣೆಯ ಬಾಗಿಲು ತೆರೆಸುತ್ತೇನೆ. ಅವರು ಮೈಸೂರಿನವರು. ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲೇ ಪಾಠ ಹೇಳಿ ನಿವೃತ್ತರಾದವರು. ಎಪ್ಪತ್ತೆರಡು ವಯಸ್ಸು. ತಂಗಿಯ ಜೊತೆ ದಾದರಿನಲ್ಲಿದ್ದಾರೆ. ಮನೆಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಬಿಲ್ಡಿಂಗಿನ ಕೆಳಗೆ ಮರಾಠಿ ಮಾತಾಡುವ ನಮ್ಮ ಮಕ್ಕಳಿಗೆ ಕಾಗುಣಿತ ಬಾಯಿಗೆ ಬಂದಿದ್ದರೆ ಅದು ಅವರಿಂದ. ಹದಿನೆಂಟು ವರ್ಷಗಳಲ್ಲಿ ಅವರು ಬಾರದ ಭಾನುವಾರಗಳನ್ನು ಬೆರಳಿನಲ್ಲಿ ಎಣಿಸಬಹುದು, ಅವೂ ಲೋಕಲ್ ರೈಲು ನಿಂತುಹೋದ ಮಳೆಯ ದಿನಗಳು.

ಅವರ ಮಾತು ಮೈಸೂರಿನದು. ಬಹಳ ಮೆತ್ತಗೆ. ಕೋಣೆಯ ಫ್ಯಾನ್ ತಿರುಗದಿದ್ದರೆ “ಪರವಾಗಿಲ್ಲ, ಗಾಳಿ ಇದ್ದೇ ಇದೆ” ಎನ್ನುವರು. ಚಾಕ್‌ಪೀಸ್ ಮುಗಿದಿದ್ದರೆ “ಪರವಾಗಿಲ್ಲ, ಇವತ್ತು ಬಾಯಿಲೆಕ್ಕದ ಹಾಗೆ ಬಾಯಿಕನ್ನಡ” ಎನ್ನುವರು. ನಿಜವಾಗಿ ಯಾವುದಕ್ಕೆ ಪರವಾಗಿಲ್ಲ, ಯಾವುದಕ್ಕೆ ಪರವಾಗಿದೆ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ವಾಟ್ಸಾಪ್ ಅವರಿಗೆ ಆಗದು. ಅದರಲ್ಲಿ ಜನ ಬಾಗಿಲು ತಟ್ಟದೆ ಒಳಗೆ ನುಗ್ಗುತ್ತಾರೆ ಎಂಬುದು ದೂರು. ಇಮೇಲ್ ಆಗಬಹುದು, ಅದು ಕಾಗದದ ವಂಶದ್ದು. ಮೇಲೆ ನಡುವೆ ಶ್ರೀ, ಆಮೇಲೆ ಮಾನ್ಯ ಕಾರ್ಯದರ್ಶಿಗಳಿಗೆ ನಮಸ್ಕಾರಗಳು, ಕೊನೆಗೆ ಇಂತಿ. ಕಳೆದೆರಡು ವರ್ಷಗಳಿಂದ ಶ್ರೀಕಾರದ ಪಕ್ಕದಲ್ಲಿ ಒಂದು ದುಂಡನೆಯ ಹಳದಿ ನಗುಮುಖವೂ ಬರತೊಡಗಿತ್ತು. ಟೀಚರ್ ಭಲೇ ಮಾಡರ್ನ್ ಆದರು ಎಂದು ಕಮಿಟಿಯಲ್ಲಿ ನಾನೇ ಹೇಳಿ ನಗಿಸಿದ್ದೆ. ನಾನೂ ಅವರಿಗೆ ಬರೆಯುವಾಗ ಋತುಜಾ ಕಲಿಸಿದ ವಿದ್ಯೆಯನ್ನೆಲ್ಲ ಸುರಿಯುತ್ತಿದ್ದೆ. ಅವರಿಗೆ ತಮಾಷೆ ಇಷ್ಟ ಎಂದು ನನ್ನ ನಂಬಿಕೆ.

ಜೂನ್ ಮೊದಲ ವಾರ, ಹೊಸ ವರ್ಷದ ಪಾಠ ಶುರುವಾಗುವುದಕ್ಕೆ ನಾಲ್ಕು ದಿನವಿತ್ತು. ಸಂಜೆ ಬಾಂದ್ರಾದಲ್ಲಿ ಲೋಕಲ್ ಹತ್ತಿದೆ. ದಾದರಿನಲ್ಲಿ ಇಳಿದು ಸೆಂಟ್ರಲ್ ಲೈನಿಗೆ ದಾಟಿ ಕುರ್ಲಾಕ್ಕೆ ಹೋಗುವುದು ನನ್ನ ನಿತ್ಯದ ದಾರಿ. ಬಾಗಿಲ ಹತ್ತಿರದ ಗದ್ದಲದಲ್ಲಿ ಒಂದು ಕೈ ಹಿಡಿಕೆಯಲ್ಲಿ, ಒಂದು ಕೈ ಫೋನಿನಲ್ಲಿ. ಟೀಚರ ಮೇಲ್ ಬಂದಿತ್ತು. ಮೇಲೆ ಎಂದಿನಂತೆ ನಗುಮುಖ. ಕೆಳಗೆ ಹೀಗೆ:

“ಶ್ರೀ. ಮಾನ್ಯ ಕಾರ್ಯದರ್ಶಿಗಳಿಗೆ ನಮಸ್ಕಾರಗಳು. ಕ್ಷೇಮ. ಈಚೆಗೆ ಕರಿಹಲಗೆಯ ಮೇಲೆ ನಾನು ಬರೆದದ್ದು ನನಗೇ ಕಾಣಿಸುತ್ತಿಲ್ಲ. ಹೋದ ತರಗತಿಯಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಬರೆದೆನಂತೆ. ಮಕ್ಕಳು ನಕ್ಕರು. ಹೊಸ ವರ್ಷ ಶುರುವಾಗುವ ಮೊದಲು ತಮ್ಮನ್ನು ಒಂದು ಮಾತು ಕೇಳಬೇಕು. ನಾನು ಇನ್ನು ಬರಬೇಕೋ ಬೇಡವೋ? ತಾವು ಹೇಳಿದಂತೆ. ಇಂತಿ, ಸುಶೀಲಾ.”

ಈಗ ಇಲ್ಲಿ ಬರೆಯುವಾಗ ಪ್ರತಿಯೊಂದು ಶಬ್ದವೂ ಸ್ಪಷ್ಟವಾಗಿದೆ. ಆಗ ನಾನು ಕಂಡದ್ದು ಮೇಲಿನ ಮುಖವನ್ನು. ಅದು ನಗುತ್ತಿತ್ತು, ಅದರ ಬೆಳಕಿನಲ್ಲೇ ಕೆಳಗಿನದನ್ನೆಲ್ಲ ಓದಿದೆ. ಟೀಚರ್ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಗೇಲಿಗೆ ಗೇಲಿಯೇ ಉತ್ತರ. ನಮ್ಮ ಸಂಘಗಳಲ್ಲಿ ಒಂದು ಪದ್ಧತಿಯಿದೆ, ನಿಮಗೂ ಗೊತ್ತಿರಬಹುದು. ಯಾರನ್ನಾದರೂ ಮರ್ಯಾದೆಯಿಂದ ಬದಿಗೆ ಸರಿಸಬೇಕಾದರೆ ಒಂದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಒಳ್ಳೆಯ ಮಾತಾಡುತ್ತೇವೆ. ಶಾಲು ಬಂದಿತೆಂದರೆ ಕುರ್ಚಿ ಹೋಯಿತು ಎಂದು ಸನ್ಮಾನಿತರೂ ಅರ್ಥಮಾಡಿಕೊಳ್ಳುತ್ತಾರೆ. ನಾನು ಮಾಹಿಮ್ ದಾಟುವಷ್ಟರಲ್ಲಿ ಬರೆದೆ: “ಹಾಗಾದರೆ ಒಂದು ಶಾಲು ಹೊದಿಸಿ ಕಳುಹಿಸಿಕೊಡುವಾ ಟೀಚರ್.” ಅದರ ಮುಂದೆ ಕಣ್ಣೀರು ಸುರಿಸಿ ನಗುವ ಮುಖಗಳನ್ನು, ಒಂದಲ್ಲ, ಮೂರು ಹಾಕಿದೆ. ದಾದರಿನಲ್ಲಿ ಇಳಿಯುವಾಗ ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೇ ಸಂತೋಷವಿತ್ತು.

ಮರುದಿನ ಇನ್ನೊಂದು ಮೇಲ್ ಬಂತು. ಶ್ರೀ, ಪಕ್ಕದಲ್ಲಿ ನಗುಮುಖ. “ತಮ್ಮ ತೀರ್ಮಾನ ತಿಳಿಯಿತು. ಶಾಲು ಬೇಡ. ಪುಸ್ತಕದ ಅಲಮಾರಿನ ಕೀಲಿ ಕಳುಹಿಸಿಕೊಡುತ್ತೇನೆ. ಮಕ್ಕಳಿಗೆ ಆಶೀರ್ವಾದ.” ಆಹಾ, ಟೀಚರ್ ಬಿಡುವವರಲ್ಲ, ಆಟ ಮುಂದುವರಿಸಿದ್ದಾರೆ ಎಂದುಕೊಂಡು ಒಂದು ಹೆಬ್ಬೆರಳು ಎತ್ತಿ ಕಳುಹಿಸಿದೆ. ದೇವರು ಬುದ್ಧಿಯನ್ನು ಹಂಚುವಾಗ ನಾನು ಯಾವುದೋ ಸಾಲಿನಲ್ಲಿ ಹಿಂದೆ ನಿಂತಿದ್ದಿರಬೇಕು.

ಭಾನುವಾರ ಹತ್ತು ಗಂಟೆಯಾಯಿತು, ಹತ್ತೂಕಾಲಾಯಿತು. ಹದಿನಾಲ್ಕು ಮಕ್ಕಳು ಬೆಂಚುಗಳಲ್ಲಿ. ಲೋಕಲ್ ತಡವಾಗಿರಬೇಕು ಎಂದು ನಾನು ಎರಡು ಸಲ ಗೇಟಿನ ತನಕ ಹೋಗಿ ಬಂದೆ. ಆಗ ದಾದರಿನಿಂದ ಮಗಳನ್ನು ಕರೆತರುವ ಒಬ್ಬ ತಾಯಿ ಬ್ಯಾಗಿನಿಂದ ಒಂದು ಲಕೋಟೆ ತೆಗೆದು ಕೊಟ್ಟರು. ಟೀಚರ್ ಕೊಟ್ಟದ್ದು ಎಂದರು. ಒಳಗೆ ಕೈ ಹಾಕಿದರೆ ಪುಸ್ತಕದ ಅಲಮಾರಿನ ಕೀಲಿ. ಮುಂದಿನ ಬೆಂಚಿನ ಹುಡುಗಿ, “ಅಂಕಲ್, ಟೀಚರ್ ಆಜ್ ನಹೀ ಆಯೇಗಿ?” ಎಂದಳು. ಮಕ್ಕಳನ್ನು ಅರ್ಧ ಗಂಟೆ ಸುಮ್ಮನೆ ಚಿತ್ರ ಬರೆಸಿ ಮನೆಗೆ ಕಳುಹಿಸಿದೆ.

ಮನೆಗೆ ಬಂದು ಗಿರಿಜಾಳಿಗೆ ಫೋನ್ ಕೊಟ್ಟೆ. ಎಲ್ಲಿ ಎಡವಿದೆ ಎಂದು ನೋಡು ಎಂದೆ. ಅವಳು ತರಕಾರಿ ಹೆಚ್ಚುವುದನ್ನು ಬಿಟ್ಟು, ಕೈ ಒರೆಸಿಕೊಂಡು, ಟೀಚರ ಮೊದಲ ಇಮೇಲನ್ನು ಗಟ್ಟಿಯಾಗಿ ಓದಿದಳು. ಗಟ್ಟಿಯಾಗಿ ಓದುವಾಗ ಮೇಲಿನ ಚಿತ್ರವನ್ನು ಓದಲಾಗುವುದಿಲ್ಲವಲ್ಲ, ಅದು ಬಿಟ್ಟುಹೋಯಿತು. ಬರೀ ಮಾತು ಉಳಿಯಿತು. ನಾನು ಇನ್ನು ಬರಬೇಕೋ ಬೇಡವೋ ಎಂಬಲ್ಲಿಗೆ ಬಂದಾಗ ಅವಳ ದನಿ ತಗ್ಗಿತು. ಆಮೇಲೆ ನನ್ನ ಉತ್ತರ ಓದಿದಳು.

“ಇದ್ರಲ್ಲಿ ತಮಾಷೆ ಎಂಥದುಂಟು ಮಾರಾಯ್ರೆ? ಪಾಪ, ಕಣ್ಣು ಕಾಣುದಿಲ್ಲ ಅಂತ ಬರ್ದಿದ್ದಾರೆ.”

ಮೇಲೆ ನಗುಮುಖ ಇತ್ತಲ್ಲ ಎಂದು ತೊದಲಿದೆ. ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಮತ್ತೆ ಮೆಟ್ಟುಕತ್ತಿಯ ಮುಂದೆ ಕುಳಿತಳು. ಹದಿನೆಂಟು ವರ್ಷ ಪಾಠ ಹೇಳಿದವರು ನನಗೆ ಕಣ್ಣು ಹೋಗುತ್ತಿದೆ, ಏನು ಮಾಡಲಿ ಎಂದು ಕೇಳಿದರೆ, ನಾನು ಶಾಲು ಹೊದಿಸುತ್ತೇನೆ ಎಂದು ಹೇಳಿ ಮೂರು ಸಲ ನಕ್ಕಿದ್ದೆ. ಅಂದು ಊಟ ಸೇರಲಿಲ್ಲ. ಫೋನ್ ಮಾಡೋಣವೆಂದುಕೊಂಡೆ, ಧೈರ್ಯ ಬರಲಿಲ್ಲ. ಕ್ಷಮೆ ಕೇಳಿ ಒಂದು ಮೇಲ್ ಬರೆಯತೊಡಗಿದೆ. “ತಪ್ಪಾಯಿತು” ಎಂದು ಬರೆದ ಕೂಡಲೇ ಫೋನು ತಾನಾಗಿಯೇ ಒಂದು ಅಳುಮುಖವನ್ನು ಸೂಚಿಸಿತು. ಫೋನನ್ನೇ ಬದಿಗಿಟ್ಟೆ.

ಸೋಮವಾರ ಸಂಜೆ ದಾದರಿನಲ್ಲಿ ಇಳಿದವನು ಸೆಂಟ್ರಲ್ ಲೈನಿನ ಸೇತುವೆ ದಾಟದೆ ಹೊರಗೆ, ಟೀಚರ ಮನೆಯ ಕಡೆ ನಡೆದೆ. ಹಳೆಯ ಬಿಲ್ಡಿಂಗ್, ಮರದ ಮೆಟ್ಟಿಲು, ಎರಡನೇ ಮಹಡಿ. ಬಾಗಿಲು ತೆರೆದದ್ದು ಟೀಚರ ತಂಗಿ. ಟೀಚರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. “ಬನ್ನಿ ಸದಾಶಿವ ಅವರೇ, ಕೂತ್ಕೊಳಿ” ಎಂದರು. ದನಿಯಲ್ಲಿ ಏನೂ ಇರಲಿಲ್ಲ. ತಂಗಿ ಕಾಫಿ ಮಾಡಲು ಒಳಗೆ ಹೋದರು. ನಾನು ಎದುರಿಗೆ ಕುಳಿತು ಮಾತು ಶುರುಮಾಡಿದೆ. ಕೂಡಲೇ ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಕೋಪ ಬಂದಿದೆ, ಬರಬೇಕಾದದ್ದೇ ಎಂದುಕೊಂಡೆ. ನಾನು ಮಾತಾಡಿದಷ್ಟೂ ಹೊತ್ತು ಅವರ ಕೆನ್ನೆಯನ್ನೇ ನೋಡುತ್ತ ಮಾತಾಡಿದೆ. ಲೋಕಲ್ಲಿನ ಗದ್ದಲ ಹೇಳಿದೆ, ಮೇಲಿನ ನಗುಮುಖ ಹೇಳಿದೆ, ತಮಾಷೆ ಎಂದುಕೊಂಡೆ ಎಂದೆ. ಶಾಲಿನ ಮಾತನ್ನೂ ಹೇಳಿದೆ. ಅವರು ಕಿಟಕಿಯ ಹೊರಗಿನ ಗೋಡೆಯನ್ನೇ ನೋಡುತ್ತಿದ್ದರು. ಕೊನೆಗೆ ತಾಳಲಾರದೆ, ಟೀಚರ್, ನೀವು ನನ್ನ ಮುಖ ನೋಡದೆ ಇರಬೇಡಿ, ಬೈಯಿರಿ ಬೇಕಾದರೆ ಎಂದೆ.

“ನೋಡ್ತಾನೇ ಇದೀನಲ್ಲಪ್ಪ” ಎಂದರು. “ನನ್ನ ಕಣ್ಣಿನ ಮಧ್ಯದಲ್ಲಿ ಈಗ ಒಂದು ಮಸುಕು. ಸುತ್ತ ಕಾಣುತ್ತೆ, ನಡುವೆ ಕಾಣಲ್ಲ. ನೇರ ನೋಡಿದ್ರೆ ನೀವಿಲ್ಲ. ಹೀಗೆ ತಿರುಗಿದ್ರೆ ಅಲ್ಲೊಬ್ರು ಕೂತಿರೋದು ಗೊತ್ತಾಗುತ್ತೆ.”

ಎದುರಿಗಿದ್ದ ಮನುಷ್ಯರ ಮುಖವನ್ನೇ ಸರಿಯಾಗಿ ಓದಲಾರದವನು ಚಿತ್ರದ ಮುಖದ ಮೇಲೆ ತಪ್ಪು ಹೊರಿಸಲು ಬಂದಿದ್ದೆ. ಆದರೂ ಕೆಟ್ಟ ಕುತೂಹಲ, ಕೇಳಿಯೇ ಬಿಟ್ಟೆ. ಅಂಥ ಕಾಗದಕ್ಕೆ ನಗುಮುಖ ಯಾಕೆ ಹಾಕಿದಿರಿ ಎಂದು.

“ನಗುಮುಖ ಅಲ್ಲ ಅದು, ಅರಿಶಿನ.” ಈ ಸಲ ಅವರು ಸ್ವಲ್ಪ ಸಂಕೋಚಪಟ್ಟರು. ಅವರ ತಂದೆ ಮನೆಯಿಂದ ಹೊರಡುವ ಯಾವ ಕಾಗದವನ್ನೂ, ಸಾವಿನ ಸುದ್ದಿಯೊಂದನ್ನು ಬಿಟ್ಟು, ಮೇಲೊಂದು ಬೊಟ್ಟು ಅರಿಶಿನವಿಲ್ಲದೆ ಕಳುಹಿಸುತ್ತಿರಲಿಲ್ಲವಂತೆ. ಒಳಗೆ ಕಷ್ಟವೇ ಇರಲಿ, ಹೋಗುವ ಮನೆಗೆ ಒಳ್ಳೆಯದಾಗಲಿ ಎಂದು. ಫೋನಿನಲ್ಲಿ ಅರಿಶಿನ ಎಲ್ಲಿ ಸಿಗಬೇಕು? ಹುಡುಕಿದಾಗ ದುಂಡಗೆ ಹಳದಿಯಾಗಿ ಇದೊಂದು ಸಿಕ್ಕಿತು. ಅದರ ಮೇಲೆ ಕಣ್ಣು, ಬಾಯಿ ಇದೆ ಎಂದು ಅವರಿಗೆ ತಿಳಿದಿತ್ತೇ ಎಂದು ಕೇಳಿದರೆ, ಮೊದಲು ತಿಳಿದಿತ್ತು, ಈಗೀಗ ಬರೀ ಹಳದಿಯಾಗಿ ಕಾಣುತ್ತದೆ ಎಂದರು.

ಕಾಗದದ ಮೂಲೆ ನೋಡಿ ಹನ್ನೊಂದು ಜನರಿಗೆ ಶುಭಾಶುಭ ಹೇಳುತ್ತಿದ್ದ ನನಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಾಫಿ ಬಂತು. ಅವರು ಲೋಟವನ್ನು ಬೆರಳಿನಿಂದ ಹುಡುಕಿ ಹಿಡಿದುಕೊಂಡರು. ಆ ಮೇಲ್ ಬರೆಯಲು ಅವರಿಗೆ ಮೂರು ಸಂಜೆ ಹಿಡಿಯಿತಂತೆ. ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು, ಭೂತಗನ್ನಡಿ ಇಟ್ಟುಕೊಂಡು, ಒಂದೊಂದಾಗಿ ಒತ್ತಿದ್ದಂತೆ. ಬಂದ ಕಾಗದವನ್ನು ಮಾತ್ರ ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ.

“ನಿಮ್ಮದನ್ನೂ ಓದ್ತು. ಶಾಲು ಹೊದಿಸಿ ಕಳುಹಿಸಿಕೊಡುವಾ ಟೀಚರ್, ಆನಂದಬಾಷ್ಪದ ಮುಖ, ಆನಂದಬಾಷ್ಪದ ಮುಖ, ಆನಂದಬಾಷ್ಪದ ಮುಖ. ನನ್ನನ್ನ ಕಳಿಸೋದಕ್ಕೆ ನಿಮಗೆ ಮೂರು ಸಲ ಆನಂದಬಾಷ್ಪ ಬಂತು ಅಂತ ಹೇಳ್ತು.”

ಒಳಗಿನಿಂದ ತಂಗಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಟೀಚರ್ ನಗಲಿಲ್ಲ. ನನಗೆ ಅಳು ಬಂತು, ನಿಜವಾದದ್ದು, ಯಾವ ಚಿತ್ರಕ್ಕೂ ಹೋಲದ್ದು. ಅವರಿಗೆ ಅದು ಕಾಣದೆಂದು ಸಮಾಧಾನವಾಯಿತು, ಹಾಗೆ ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು. ಇನ್ನು ಮುಂದೆ ಯಾರಿಗೂ ಅಂಥ ಮುಖ ಹಾಕುವುದಿಲ್ಲ, ಅವುಗಳಿಂದಲೇ ಇಷ್ಟೆಲ್ಲ ಆದದ್ದು ಎಂದು ಏನೇನೋ ಹೇಳಿದೆ.

“ಅವು ಪಾಪ ಏನು ಮಾಡ್ತವೆ?” ಎಂದರು ಟೀಚರ್. “ಮುಖ ಏನಾದ್ರೂ ಹೇಳ್ಕೊಳ್ಲಿ, ಕೆಳಗೆ ಒಂಬತ್ತು ಸಾಲು ಬರ್ದಿದ್ದೆ. ಅದರಲ್ಲಿ ಒಂದು ಪ್ರಶ್ನೆ ಇತ್ತು. ನಾನು ಬರಬೇಕೋ ಬೇಡವೋ? ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.”

ಲೋಟ ಕೆಳಗಿಟ್ಟು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ನನ್ನನ್ನು ನೋಡುತ್ತ ಕುಳಿತರು. ಏನು ಹೇಳಬೇಕು? ನಿಮ್ಮಂಥವರು ಸಂಘದ ಆಸ್ತಿ ಎಂದು ಶುರುವಾಗುವ ಸನ್ಮಾನದ ಭಾಷಣ ನನಗೆ ಬಾಯಿಪಾಠವಿದೆ. ಅದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಮೈಸೂರಿನ ಮೃದುಮಾತು ನನಗೆ ಬಾರದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಬರಬೇಕು ಟೀಚರ್. ನೀವು ಬಾರದಿದ್ರೆ ಕ್ಲಾಸ್ ಮುಚ್ಚುದೇ. ಬೇರೆ ಯಾರೂ ಸಿಗುದಿಲ್ಲ. ಬೋರ್ಡಿನಲ್ಲಿ ನಾನು ಬರೀತೇನೆ, ನೀವು ಹೇಳಿ.”

ಹೇಳಿದ ಮೇಲೆ, ಇದು ಹೊಗಳಿಕೆಯೂ ಅಲ್ಲ, ಕ್ಷಮೆಯೂ ಅಲ್ಲ, ಗಿರಾಕಿಗೆ ಬರೆದ ಇಮೇಲಿನಂತಿದೆ ಎಂದು ಗಾಬರಿಯಾಯಿತು. ಕೊನೆಯಲ್ಲಿ ಅಂಟಿಸಲು ಕೈಯಲ್ಲಿ ಏನೂ ಇರಲಿಲ್ಲ. ಕೆಳಗೆ ಬೀದಿಯಲ್ಲಿ ಹೂವಿನವನು ಕೂಗಿಕೊಂಡು ಹೋದ. ಟೀಚರ್ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು.

“ನಿಮ್ಮ ಅಕ್ಷರ ನೋಡಿದೀನಿ, ನೋಟಿಸ್ ಬೋರ್ಡಲ್ಲಿ. ಚೆನ್ನಾಗಿಲ್ಲ. ಭಾನುವಾರ ಒಂಬತ್ತೂವರೆಗೇ ಬನ್ನಿ. ಮೊದಲು ಅದನ್ನ ತಿದ್ದಬೇಕು.”

ಅಂದಿನಿಂದ ಭಾನುವಾರ ಮಕ್ಕಳಿಗಿಂತ ಅರ್ಧ ಗಂಟೆ ಮೊದಲೇ ನನ್ನ ಪಾಠ. ನಾನು ಕುರ್ಲಾದಿಂದ ಬೇಗ ಹೊರಟು, ದಾದರಿಗೆ ಹೋಗಿ, ಅವರನ್ನು ಲೋಕಲ್ಲಿನಲ್ಲಿ ಕರೆತರುತ್ತೇನೆ. ನಾನು ಬರೆಯುವುದು, ಅವರು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು ಕೇಳುವುದು. ಕೇಳುವುದು ಎಂದೇ ಹೇಳಬೇಕು. ಐವತ್ತು ವರ್ಷ ಮಕ್ಕಳು ಬರೆಯುವುದನ್ನು ಕೇಳಿದವರಿಗೆ ಚಾಕ್‌ಪೀಸಿನ ಸದ್ದಿನಲ್ಲೇ ಅಕ್ಷರ ಎಲ್ಲಿ ಸೊಟ್ಟಗಾಯಿತು ಎಂದು ತಿಳಿಯುತ್ತದೆಯಂತೆ. ನಾನು ನಂಬಿರಲಿಲ್ಲ. ಡಾಕ್ಟರು ಟೀಚರ ಕಣ್ಣಿಗೆ ಇನ್ನೊಂದು ಸೂಜಿ ಹಾಕಿ ನೋಡೋಣ ಎಂದಿದ್ದಾರೆ. ಮಸುಕು ಮೊದಲಿಗಿಂತ ಅಗಲವಾಗಿದೆ ಎಂದು ತಂಗಿ ನನಗೊಬ್ಬನಿಗೆ ಹೇಳಿದ್ದಾರೆ. ಈ ವಿಷಯವನ್ನು ನಾವು ಮಾತಾಡುವುದಿಲ್ಲ, ಅಕ್ಷರದ ವಿಷಯ ಮಾತಾಡುತ್ತೇವೆ.

ಹೋದ ವಾರ ‘ಕ್ಷ’ ಬರೆಯುತ್ತಿದ್ದೆ. ಚಿಕ್ಕಂದಿನಿಂದಲೂ ನಾನದನ್ನು ಕೆಳಗಿನಿಂದ ಶುರುಮಾಡುವವನು. ನೋಡಲು ಸರಿಯಾಗಿಯೇ ಕಾಣುತ್ತದೆ, ಈ ತನಕ ಯಾರೂ ಹಿಡಿದಿರಲಿಲ್ಲ. ತಿರುಗಿ ನೋಡಿದೆ. ಟೀಚರ್ ಈ ಸಲ ಕಿಟಕಿಯ ಕಡೆಗೂ ತಿರುಗಿರಲಿಲ್ಲ. ಕಣ್ಣು ಮುಚ್ಚಿ ಕುಳಿತಿದ್ದರು.

“ಮೇಲಿಂದ ಶುರು ಮಾಡಿ” ಎಂದರು.

ನಾನು ಅಳಿಸಿ ಮೇಲಿನಿಂದ ಶುರು ಮಾಡಿದೆ.